ಸಕ್ಕರೆ ನಾಡಿಗೆ ಬರುತ್ತಿರುವ ವಾರದ ಸೂಜಿ

ಈ ಸಲದ ಸಂಕ್ರಾಂತಿಗೆ ಬೆಂಗಳೂರಿನಿಂದ ಹೊಸಹೊಳಲಿಗೆ ಬಂದ ದೊಡ್ಡಪ್ಪನ ಮಗನನ್ನು ನೋಡಿ ಮನೆಯವರೆಲ್ಲ ಗಾಬರಿಯಾದರು. ಕಳೆದ ಯುಗಾದಿಗೆ ಬಂದಾಗ 104 ಕೆ.ಜಿ. ಇದ್ದ ಅಣ್ಣ ಈಗ 90ಕ್ಕೆ ಇಳಿದಿದ್ದ. ಅಂಗಿ ಹೆಗಲ ಮೇಲೆ ಜೋಲಾಡುತ್ತಿತ್ತು. ಎಳ್ಳು–ಬೆಲ್ಲದ ತಟ್ಟೆ ಹಿಡಿದುಕೊಂಡೇ ನಮ್ಮವ್ವ, ‘ಯಾಕ್ಲಾ ಇಷ್ಟ್ ಸೊರಗೋಗಿದೀಯ, ಮೈಗೆ ಉಸಾರಿಲ್ವಾ?’ ಅಂದಳು. ಅವನು ನಕ್ಕು, ‘ಇಲ್ಲ ಚಿಕ್ಕವ್ವ, ಡಾಕ್ಟ್ರು ವಾರಕ್ಕೊಂದು ಇಂಜೆಕ್ಷನ್ ಬರ್ಕೊಟ್ಟವ್ರೆ. ಶುಗರ್ರೂ ಇಳೀತು, ತೂಕಾನೂ ಇಳೀತು’ ಅಂದ.

ಅವ್ವ ಆಗ ಏನೂ ಹೇಳಲಿಲ್ಲ. ಊಟಕ್ಕೆ ಕೂತಾಗ ಅವನು ಅರ್ಧ ಮುದ್ದೆಗೇ ಕೈ ತೊಳೆದದ್ದು ಅವಳಿಗೆ ಸರಿ ಕಾಣಲಿಲ್ಲ. ರಾತ್ರಿ ನಾನು ಮೈಸೂರಿಗೆ ಹೊರಡಲು ಬ್ಯಾಗು ತುಂಬುತ್ತಿದ್ದಾಗ ಮೆಲ್ಲಗೆ ಬಂದು ಕೇಳಿದಳು: ‘ಅದೇ ಸೂಜಿನ ನಿಮ್ಮಪ್ಪಂಗೂ ಹಾಕಿಸ್‌ಬೌದಾ, ವಸಿ ನೋಡು ಮಗಾ. ನೀನು ಓದ್ದೋಳು.’

ನಾನು ಓದುತ್ತಿರುವುದು ಬಿ.ಇ. ಮೂರನೇ ವರ್ಷ, ಎಲೆಕ್ಟ್ರಾನಿಕ್ಸ್. ಔಷಧದ ಬಗ್ಗೆ ನನಗೆ ಗೊತ್ತಿದ್ದುದು ಅಪ್ಪನ ಮಾತ್ರೆ ಡಬ್ಬಿಯಷ್ಟೇ. ಆದರೆ ಊರಲ್ಲಿ ‘ಓದ್ದೋಳು’ ಅನ್ನಿಸಿಕೊಂಡ ಮೇಲೆ ಬಿಡುವಂತಿಲ್ಲ. ಒಂದು ತಿಂಗಳು ಓದಿದೆ, ಬಯೋಟೆಕ್ನಾಲಜಿ ಓದುವ ಗೆಳತಿಯ ತಲೆ ತಿಂದೆ, ಅಪ್ಪ–ಅವ್ವ ಇಬ್ಬರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಈ ಪುಟ ಓದುವ ನಿಮ್ಮಲ್ಲಿ ಅನೇಕರಿಗೂ ಇದೇ ಪ್ರಶ್ನೆ ಮನೆಯಿಂದ ಇಷ್ಟರಲ್ಲೇ ಬರುತ್ತದೆ. ಯಾಕೆಂದರೆ ಈ ಔಷಧಗಳಲ್ಲಿ ಮುಖ್ಯವಾದ ಸೆಮಾಗ್ಲುಟೈಡ್‌ನ ಪೇಟೆಂಟ್ ಭಾರತದಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ.

ಮೊದಲಿಗೆ ಇದು ಏನು ಅಂತ. 1960ರ ದಶಕದಲ್ಲಿ ವಿಜ್ಞಾನಿಗಳು ಒಂದು ವಿಚಿತ್ರ ಗಮನಿಸಿದರು. ಗ್ಲೂಕೋಸನ್ನು ರಕ್ತನಾಳಕ್ಕೆ ಡ್ರಿಪ್ ಮೂಲಕ ಕೊಟ್ಟಾಗ ದೇಹ ಬಿಡುವ ಇನ್ಸುಲಿನ್‌ಗಿಂತ, ಅದೇ ಗ್ಲೂಕೋಸನ್ನು ಬಾಯಿಂದ ಕುಡಿದಾಗ ಬಿಡುವ ಇನ್ಸುಲಿನ್ ಬಹಳ ಹೆಚ್ಚು. ಅಂದರೆ ಊಟ ಬಂತು ಎಂಬ ಸುದ್ದಿಯನ್ನು ಕರುಳೇ ಮೇದೋಜೀರಕ ಗ್ರಂಥಿಗೆ ಮೊದಲು ಮುಟ್ಟಿಸುತ್ತದೆ. ಹಾಗೆ ಸುದ್ದಿ ಒಯ್ಯುವ ಹಾರ್ಮೋನುಗಳಲ್ಲಿ ಒಂದರ ಹೆಸರು ಜಿಎಲ್‌ಪಿ–1. ನಾವು ಮುದ್ದೆ ನುಂಗಿದ ಮೇಲೆ ಸಣ್ಣಕರುಳಿನ ಜೀವಕೋಶಗಳು ಇದನ್ನು ರಕ್ತಕ್ಕೆ ಬಿಡುತ್ತವೆ. ಇದು ಇನ್ಸುಲಿನ್ ಬಿಡಿಸುತ್ತದೆ, ಸಕ್ಕರೆ ಏರಿಸುವ ಗ್ಲೂಕಗಾನ್ ಎಂಬ ಇನ್ನೊಂದು ಹಾರ್ಮೋನನ್ನು ತಡೆಯುತ್ತದೆ, ಜಠರದಿಂದ ಊಟ ಕೆಳಗಿಳಿಯುವುದನ್ನು ನಿಧಾನ ಮಾಡುತ್ತದೆ, ಮಿದುಳಿಗೆ ‘ಸಾಕು’ ಅನ್ನುತ್ತದೆ.

ತೊಂದರೆ ಏನೆಂದರೆ ಈ ಸುದ್ದಿಗಾರನ ಆಯಸ್ಸು ತೀರಾ ಕಡಿಮೆ. ಒಂದೆರಡು ನಿಮಿಷದಲ್ಲಿ ಅರ್ಧ ಭಾಗ ನಾಶ. ಡಿಪಿಪಿ–4 ಎಂಬ ಕಿಣ್ವ ಅದನ್ನು ಕತ್ತರಿಸಿ ಹಾಕುತ್ತದೆ. ನಿಮ್ಮ ಮನೆಯಲ್ಲಿ ಯಾರಾದರೂ ವಿಲ್ಡಾಗ್ಲಿಪ್ಟಿನ್, ಸಿಟಾಗ್ಲಿಪ್ಟಿನ್ ಅಂತ ‘ಗ್ಲಿಪ್ಟಿನ್’ ಎಂದು ಕೊನೆಯಾಗುವ ಮಾತ್ರೆ ನುಂಗುತ್ತಿದ್ದರೆ, ಅದು ಮಾಡುವ ಕೆಲಸ ಈ ಕತ್ತರಿಯನ್ನು ಹಿಡಿದು ನಿಲ್ಲಿಸುವುದು. ವಾರದ ಸೂಜಿ ಮಾಡುವುದು ಬೇರೆ: ಕತ್ತರಿಗೆ ಸಿಗದಂಥ ನಕಲಿ ಹಾರ್ಮೋನನ್ನೇ ಹೊರಗಿನಿಂದ ಕೊಡುವುದು.

ನಕಲು ಮಾಡುವ ಮೊದಲ ದಾರಿ ಸಿಕ್ಕಿದ್ದು ಒಂದು ಹಲ್ಲಿಯ ಬಾಯಲ್ಲಿ. ಅಮೆರಿಕದ ಮರುಭೂಮಿಯ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ ಡಾ. ಜಾನ್ ಎಂಗ್ 1990ರ ದಶಕದ ಆರಂಭದಲ್ಲಿ ಪತ್ತೆ ಮಾಡಿದ ಎಕ್ಸೆಂಡಿನ್–4 ನಮ್ಮ ಜಿಎಲ್‌ಪಿ–1ನ್ನು ಹೋಲುತ್ತಿತ್ತು, ಆದರೆ ಬೇಗ ಕರಗುತ್ತಿರಲಿಲ್ಲ. ಅದರಿಂದ ಬಂದ ಎಕ್ಸೆನಾಟೈಡ್‌ಗೆ 2005ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ದಿನಕ್ಕೆ ಎರಡು ಸೂಜಿ. ಆಮೇಲೆ ದಿನಕ್ಕೊಂದು ಸೂಜಿಯ ಲಿರಾಗ್ಲುಟೈಡ್. 2017ರಲ್ಲಿ ವಾರಕ್ಕೊಂದು ಸೂಜಿಯ ಸೆಮಾಗ್ಲುಟೈಡ್. ಸೆಮಾಗ್ಲುಟೈಡ್‌ನಲ್ಲಿ ಮಾಡಿರುವ ತಿದ್ದುಪಡಿ ಎಂಜಿನಿಯರ್ ಮೆಚ್ಚುವಂಥದ್ದು. ಕತ್ತರಿ ಬೀಳುವ ಜಾಗದ ಒಂದು ಅಮೈನೋ ಆಮ್ಲವನ್ನು ಬದಲಿಸಿದ್ದಾರೆ. ಜೊತೆಗೆ ಒಂದು ಕೊಬ್ಬಿನಾಮ್ಲದ ಬಾಲ ಅಂಟಿಸಿದ್ದಾರೆ. ಆ ಬಾಲ ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನಿಗೆ ತೂಗುಬಿದ್ದು ಊರೆಲ್ಲ ಸುತ್ತುತ್ತದೆ, ಟಿಕೆಟ್ ಇಲ್ಲದೆ ಬಸ್ಸಿನ ಏಣಿ ಹಿಡಿದು ಹೋಗುವ ಹಾಗೆ. ಹಾಗಾಗಿ ಒಂದೆರಡು ನಿಮಿಷ ಇದ್ದ ಅರ್ಧಾಯುಷ್ಯ ಸುಮಾರು ಒಂದು ವಾರಕ್ಕೆ ಏರಿತು. ಅಣ್ಣ ತೆಗೆದುಕೊಳ್ಳುತ್ತಿರುವ ಟಿರ್ಜೆಪಟೈಡ್ ಇನ್ನೂ ಒಂದು ಹೆಜ್ಜೆ ಮುಂದೆ. ಅದು ಜಿಎಲ್‌ಪಿ–1 ಜೊತೆಗೆ ಜಿಐಪಿ ಎಂಬ ಮತ್ತೊಂದು ಕರುಳಿನ ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ.

(2024ರ ಲಾಸ್ಕರ್ ಪ್ರಶಸ್ತಿ ಈ ಕೆಲಸಕ್ಕೆ ಮೂವರಿಗೆ ಬಂತು. ಅವರಲ್ಲಿ ಒಬ್ಬರಾದ ಸ್ವೆಟ್ಲಾನಾ ಮೊಯ್ಸೊವ್ ಆರಂಭದ ಪೇಟೆಂಟ್‌ಗಳಲ್ಲಿ ತಮ್ಮ ಹೆಸರು ಸೇರಿಸಲು ವರ್ಷಗಟ್ಟಲೆ ಹೋರಾಡಬೇಕಾಯಿತು. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಹೆಸರು ಬಿಟ್ಟುಹೋದ ಅನುಭವ ಇರುವವರಿಗೆ ಇದು ಅರ್ಥವಾಗುತ್ತದೆ.)

ಇಷ್ಟು ಓದಿದ ಮೇಲೆ ನನಗೆ ಹೊಳೆದದ್ದು ಅಪ್ಪನ ಮಾತ್ರೆ ಡಬ್ಬಿ. ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ನುಂಗುತ್ತಾರೆ. ಹೋದ ನವೆಂಬರಿನಲ್ಲಿ ಕಬ್ಬು ಕಡಿಸುವಾಗ ಲಾರಿ ಬರುವುದು ತಡವಾಗಿ, ಊಟ ತಪ್ಪಿ, ಗದ್ದೆ ಬದುವಿನ ಮೇಲೆ ಕುಸಿದು ಕೂತಿದ್ದರು. ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಪಕ್ಕದ ಗದ್ದೆಯವರು ಬಾಯಿಗೆ ಬೆಲ್ಲ ಹಾಕಿ ಎಬ್ಬಿಸಿದರು. ಸಕ್ಕರೆ ಕಾಯಿಲೆಯವರಿಗೆ ಬೆಲ್ಲ ತಿನ್ನಿಸಿದರಲ್ಲಾ ಅಂತ ಅವ್ವ ಆಮೇಲೆ ಜಗಳ ಆಡಿದ್ದಳು. ಅವರು ಮಾಡಿದ್ದೇ ಸರಿ. ಅದು ಸಕ್ಕರೆ ಹೆಚ್ಚಾದದ್ದಲ್ಲ, ಇಳಿದದ್ದು.

ಕಂಟ್ರೋಲ್ ಸಿಸ್ಟಮ್ಸ್ ಪಾಠದಲ್ಲಿ ಓಪನ್ ಲೂಪ್, ಕ್ಲೋಸ್ಡ್ ಲೂಪ್ ಅಂತ ಮೊದಲ ದಿನವೇ ಹೇಳಿಕೊಡುತ್ತಾರೆ. ಟ್ಯಾಂಕ್ ತುಂಬಿದರೂ ಓಡುತ್ತಲೇ ಇರುವ ಮೋಟರ್ ಓಪನ್ ಲೂಪ್. ತುಂಬಿದ್ದು ತಿಳಿದು ತಾನೇ ನಿಲ್ಲುವುದು ಕ್ಲೋಸ್ಡ್ ಲೂಪ್. ಗ್ಲಿಮೆಪಿರೈಡ್ ಮೊದಲನೇ ಥರದ್ದು. ರಕ್ತದಲ್ಲಿ ಸಕ್ಕರೆ ಎಷ್ಟಿದೆ ಅಂತ ಕೇಳದೆ ಇನ್ಸುಲಿನ್ ಬಿಡಿಸುತ್ತದೆ. ಊಟ ತಪ್ಪಿದರೆ ಅಪಾಯ. ಜಿಎಲ್‌ಪಿ–1 ಮದ್ದುಗಳು ಎರಡನೇ ಥರದವು. ಸಕ್ಕರೆ ಏರಿದ್ದಾಗ ಮಾತ್ರ ಇನ್ಸುಲಿನ್‌ಗೆ ಒತ್ತಡ ಹಾಕುತ್ತವೆ, ಇಳಿದರೆ ಸುಮ್ಮನಾಗುತ್ತವೆ. ಒಂಟಿಯಾಗಿ ಕೊಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಬೀಳುವ ಸಂಭವ ಕಡಿಮೆ. ಆದರೆ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಜೊತೆ ಸೇರಿಸಿದರೆ ಕತೆ ಬೇರೆ. ಈ ಸೂಜಿ ಹಸಿವನ್ನೇ ಕೊಲ್ಲುತ್ತದೆ, ಹಳೇ ಮಾತ್ರೆ ತನ್ನ ಪಾಡಿಗೆ ಇನ್ಸುಲಿನ್ ಸುರಿಯುತ್ತಲೇ ಇರುತ್ತದೆ. ಹಳೇ ಮಾತ್ರೆಯ ಪ್ರಮಾಣವನ್ನು ಡಾಕ್ಟರು ಇಳಿಸದಿದ್ದರೆ ಗದ್ದೆ ಬದುವಿನ ಪ್ರಸಂಗ ಮತ್ತೆ ಮತ್ತೆ ನಡೆಯಬಹುದು. ಅಣ್ಣನ ಸೂಜಿಯನ್ನು ನೋಡಿ ನಾವೇ ತಂದು ಅಪ್ಪನಿಗೆ ಚುಚ್ಚಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ಆ ರಾತ್ರಿ ಹಾಸ್ಟೆಲಿನಲ್ಲಿ ನಿದ್ದೆ ಬರಲಿಲ್ಲ.

ಮರುವಾರ ಊರಿಗೆ ಬಂದು ಅಪ್ಪನನ್ನು ಕೆ.ಆರ್. ಪೇಟೆಯ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವ್ವನೂ ಜೊತೆಗೆ ಬಂದಳು, ಸಂತೆ ಸಾಮಾನಿನ ನೆಪ ಹೇಳಿ. ಡಾಕ್ಟರಮ್ಮ ತಾಳ್ಮೆಯವರು. ಸೂಜಿಯ ಮಾತು ಎತ್ತುತ್ತಲೇ ಅಪ್ಪನನ್ನು ತಕ್ಕಡಿ ಮೇಲೆ ನಿಲ್ಲಿಸಿದರು. 58 ಕೆ.ಜಿ. ‘ಇವ್ರಲ್ಲಿ ಇಳ್ಸೋಕೆ ಏನಿದೆಯಮ್ಮಾ?’ ಅಂದರು. ನಮ್ಮ ಕಡೆ ಸಕ್ಕರೆ ಕಾಯಿಲೆ ದಪ್ಪಗಿದ್ದವರಿಗೇ ಬರಬೇಕು ಅಂತಿಲ್ಲ, ತೆಳ್ಳಗೆ ಕಾಣುವವರಿಗೂ ಬರುತ್ತದೆ. ಗದ್ದೆ ಕೆಲಸ ಮಾಡುವ ತೆಳ್ಳಗಿನ ಮೈಗೆ ತೂಕ ಇಳಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ. ಗುದ್ದಲಿ ಎತ್ತುವವರಿಗೆ ಅದು ಸಣ್ಣ ನಷ್ಟವಲ್ಲ. ತೆಳ್ಳಗಿರುವ ಎಲ್ಲರಿಗೂ ಈ ಮದ್ದು ಬೇಡವೇ ಬೇಡ ಅಂತಲೂ ಅವರು ಹೇಳಲಿಲ್ಲ. ಹೃದಯದ ಕಾಯಿಲೆ, ಕಿಡ್ನಿ ತೊಂದರೆ ಇದ್ದರೆ ಲೆಕ್ಕ ಬೇರೆ ಅಂದರು.

ಆಮೇಲೆ ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಕಣ್ಣಿನ ಪರದೆ ಯಾವಾಗ ಪರೀಕ್ಷೆ ಮಾಡಿಸಿದ್ದು? ಮೂತ್ರದಲ್ಲಿ ಪ್ರೋಟೀನ್? ಪಾದ? ಒಂಬತ್ತು ವರ್ಷದಲ್ಲಿ ಒಮ್ಮೆಯೂ ಇಲ್ಲ. ಬೆರಳಿಗೆ ಚುಚ್ಚಿ ‘ಇವತ್ತು ಎಷ್ಟಿದೆ’ ಅಂತ ನೋಡುವುದು ಮಾತ್ರ ನಮಗೆ ಗೊತ್ತಿದ್ದ ಪರೀಕ್ಷೆ. ಅದು ಆ ಕ್ಷಣದ ಒಂದು ಫೋಟೊ ಇದ್ದ ಹಾಗೆ. ಹಿಂದಿನ ಮೂರು ತಿಂಗಳ ಸರಾಸರಿ ಹೇಳುವುದು ಎಚ್‌ಬಿಎ1ಸಿ. ಕಣ್ಣಿನ ಪರೀಕ್ಷೆಗೂ ಸೂಜಿಗೂ ನೇರ ಸಂಬಂಧ ಇದೆ ಅಂತಲೂ ಅಲ್ಲೇ ಗೊತ್ತಾಯಿತು. ಕಣ್ಣಿನ ಪರದೆ ಮೊದಲೇ ಹಾಳಾಗಿರುವವರಲ್ಲಿ ಸಕ್ಕರೆ ಥಟ್ಟನೆ ಇಳಿದರೆ ಆ ತೊಂದರೆ ಹೆಚ್ಚಾಗಬಹುದು. ಆದ್ದರಿಂದ ಕಣ್ಣು ಮೊದಲು, ಸೂಜಿ ಆಮೇಲೆ. ಡಾಕ್ಟರಮ್ಮ ಅಪ್ಪನ ಗ್ಲಿಮೆಪಿರೈಡ್ ಅರ್ಧ ಮಾಡಿದರು, ಕಣ್ಣಿಗೆ ಮೈಸೂರಿಗೆ ಚೀಟಿ ಬರೆದರು, ಜೇಬಿನಲ್ಲಿ ಯಾವಾಗಲೂ ಬೆಲ್ಲವೋ ಸಕ್ಕರೆಯೋ ಇರಲಿ ಅಂದರು. ಸಕ್ಕರೆ ನಾಡಿನ ಕಬ್ಬು ಬೆಳೆಗಾರನಿಗೆ ಜೇಬಲ್ಲಿ ಬೆಲ್ಲ ಇಟ್ಟುಕೊಳ್ಳಿ ಅಂತ ಚೀಟಿ! ಅಪ್ಪನಿಗೆ ನಗು ತಡೆಯಲಾಗಲಿಲ್ಲ.

ಎದ್ದು ಹೊರಡುವಾಗ ಡಾಕ್ಟರಮ್ಮ ಅವ್ವನ ಕಡೆ ತಿರುಗಿದರು. ‘ನೀವು ಯಾವತ್ತು ಟೆಸ್ಟ್ ಮಾಡಿಸಿದ್ದು?’

‘ನಂಗೇನಾಗದೆ, ಸುಮ್ಕಿರಿ’ ಅಂದಳು ಅವ್ವ.

ಅವ್ವನ ತೂಕ 78 ಕೆ.ಜಿ., ಎತ್ತರ 152 ಸೆಂ.ಮೀ. ಮಂಡಿ ನೋವು ಅಂತ ನೆಲದ ಮೇಲೆ ಕೂರುವುದನ್ನು ಬಿಟ್ಟು ಎರಡು ವರ್ಷವಾಗಿದೆ. ರಾತ್ರಿ ಮೂರು ಸಲ ಏಳುತ್ತಾಳೆ. ಸರ್ಕಾರದ ಗೃಹ ಆರೋಗ್ಯ ಯೋಜನೆಯಲ್ಲಿ 30 ವರ್ಷ ದಾಟಿದವರನ್ನು ಮನೆ ಬಾಗಿಲಿಗೇ ಬಂದು ಪರೀಕ್ಷಿಸುತ್ತಾರೆ. ನಮ್ಮ ಮನೆಗೆ ಬಂದವರಿಗೂ ಇವಳು ಇದೇ ಮಾತು ಹೇಳಿ, ಅಪ್ಪನ ಬೆರಳು ಮುಂದೆ ಮಾಡಿ ಕಳಿಸಿದ್ದಳಂತೆ. ಲೆಕ್ಕ ಹಾಕಿದರೆ ಅವಳ ಬಿಎಂಐ ಸುಮಾರು 34. ಭಾರತೀಯರಿಗೆ 25 ದಾಟಿದರೆ ಬೊಜ್ಜು ಅನ್ನುತ್ತಾರೆ. ಮನೆಯಲ್ಲಿ ಈ ಸೂಜಿಯ ಬಗ್ಗೆ ಡಾಕ್ಟರು ನಿಜವಾಗಿ ಯೋಚಿಸಬಹುದಾದ ಮೈ ಯಾರದು ಅನ್ನುವುದು ನನಗೆ ಆಗ ಕಂಡಿತು. ಇಷ್ಟು ದಿನ ಅವ್ವ ಅಪ್ಪನಿಗಾಗಿ ಕೇಳುತ್ತಿದ್ದಳು, ನಾನು ಅಪ್ಪನಿಗಾಗಿ ಓದುತ್ತಿದ್ದೆ. ಅವಳಿಗಾಗಿ ಯಾರೂ ಕೇಳಿರಲಿಲ್ಲ.

ಐಸಿಎಂಆರ್–ಇಂಡಿಯಾಬ್ ಅಧ್ಯಯನ 2023ರಲ್ಲಿ ಹೇಳಿದ ಸಂಖ್ಯೆ ನಿಮಗೆ ನೆನಪಿರಬಹುದು. ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ. ಪ್ರಬಂಧ ಸ್ಪರ್ಧೆಗೆ ಇದನ್ನು ನಾನೇ ಒಮ್ಮೆ ಬರೆದು ಬಹುಮಾನ ತಗೊಂಡಿದ್ದೆ. ಆ 13.6 ಕೋಟಿಯಲ್ಲಿ ಒಬ್ಬಳು ಮನೆಯಲ್ಲಿ ಮುದ್ದೆ ಕಟ್ಟುತ್ತಿರಬಹುದು ಅಂತ ಆಗ ಅನ್ನಿಸಿರಲಿಲ್ಲ.

ಇನ್ನು ದುಡ್ಡಿನ ಮಾತು. ಟಿರ್ಜೆಪಟೈಡ್ ‘ಮೌಂಜಾರೊ’ ಹೆಸರಿನಲ್ಲಿ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದಾಗ ಆರಂಭದ ಒಂದು ವಾರದ ಬಾಟಲಿಗೆ ₹3,500. ಅಂದರೆ ತಿಂಗಳಿಗೆ ₹14,000. ಸೆಮಾಗ್ಲುಟೈಡ್ ತೂಕಕ್ಕೆಂದು ‘ವೆಗೋವಿ’ ಹೆಸರಲ್ಲಿ 2025ರ ಜೂನ್‌ನಲ್ಲಿ ಬಂತು. ಅದೇ ಮದ್ದು ಮಧುಮೇಹಕ್ಕೆಂದು ‘ಒಝೆಂಪಿಕ್’ ಹೆಸರಲ್ಲಿ ಡಿಸೆಂಬರ್‌ನಲ್ಲಿ ಬಂತು, ಆರಂಭದ ಪ್ರಮಾಣಕ್ಕೆ ತಿಂಗಳಿಗೆ ₹8,800. ನಮ್ಮ ಮನೆಯಲ್ಲಿ ಎರಡು ಸೀಮೆಹಸು ಇವೆ. ಹಿಂಡಿ, ಬೂಸಾ ಕಳೆದು ಡೈರಿ ಬಟವಾಡೆಯಲ್ಲಿ ತಿಂಗಳಿಗೆ ಉಳಿಯುವುದು ಎಂಟೊಂಬತ್ತು ಸಾವಿರ. ಎರಡು ಹಸು ಕರೆದು ಒಂದು ಪೆನ್ನು. ನನ್ನ ಹಾಸ್ಟೆಲ್ ಫೀಸೂ ಆ ಬಟವಾಡೆಯಿಂದಲೇ ಬರುವುದು.

ಪೇಟೆಂಟ್ ಮುಗಿದರೆ ಏನಾಗುತ್ತದೆ ಅನ್ನುವುದಕ್ಕೆ ಹಳೆಯ ಉದಾಹರಣೆಗಳಿವೆ. ವಿಲ್ಡಾಗ್ಲಿಪ್ಟಿನ್ 2019ರ ಕೊನೆಗೆ, ಸಿಟಾಗ್ಲಿಪ್ಟಿನ್ 2022ರಲ್ಲಿ ಪೇಟೆಂಟ್‌ನಿಂದ ಹೊರಬಂದಾಗ ಹತ್ತಾರು ಕಂಪನಿಗಳು ಮುಗಿಬಿದ್ದು ಬೆಲೆ ಇಳಿಯಿತು. 2025ರ ಮಾರ್ಚ್‌ನಲ್ಲಿ ಎಂಪಾಗ್ಲಿಫ್ಲೋಜಿನ್ ಸರದಿ. ಸುಮಾರು 60 ರೂಪಾಯಿ ಇದ್ದ ಮಾತ್ರೆ ಹತ್ತು ರೂಪಾಯಿಯ ಒಳಗೂ ಸಿಕ್ಕಿತು. ಸೂಜಿಯಲ್ಲಿ ಇಳಿಕೆ ಅಷ್ಟೇ ಇರುತ್ತದೆ ಅಂತ ಹೇಳಲಾಗದು. ಮಾತ್ರೆ ಒತ್ತುವುದಕ್ಕಿಂತ ಪೆಪ್ಟೈಡ್ ತಯಾರಿಸಿ, ಕ್ರಿಮಿ ಇಲ್ಲದಂತೆ ಪೆನ್ನಿಗೆ ತುಂಬಿ, 2ರಿಂದ 8 ಡಿಗ್ರಿ ತಣ್ಣಗೆ ಸಾಗಿಸುವುದು ಕಷ್ಟದ ಕೆಲಸ. ಆದರೂ ಇಳಿಯುವುದಂತೂ ಇಳಿಯುತ್ತದೆ. ಕೆಲಸ ಹುಡುಕುತ್ತಿರುವ ಕೆಮಿಕಲ್, ಬಯೋಟೆಕ್ ಗೆಳೆಯರು ಇದನ್ನು ಗಮನಿಸಬೇಕು. 1978ರಲ್ಲಿ ಬೆಂಗಳೂರಿನಲ್ಲಿ ಕಿಣ್ವ ಮಾಡುವ ಸಣ್ಣ ಕಂಪನಿಯಾಗಿ ಶುರುವಾದ ಬಯೋಕಾನ್ 2004ರಲ್ಲಿ ಯೀಸ್ಟ್‌ನಿಂದ ಇನ್ಸುಲಿನ್ ತಯಾರಿಸಿ ಮಾರುಕಟ್ಟೆಗೆ ತಂತು, 2024ರಲ್ಲಿ ತನ್ನ ಜೆನೆರಿಕ್ ಲಿರಾಗ್ಲುಟೈಡ್‌ಗೆ ಬ್ರಿಟನ್ನಿನ ಒಪ್ಪಿಗೆ ಪಡೆಯಿತು. ನಮ್ಮ ಕ್ಯಾಂಪಸ್‌ನಲ್ಲಿ ಎಲ್ಲರೂ ಕೋಡಿಂಗ್ ಟೆಸ್ಟ್‌ಗೇ ಓಡುತ್ತಾರೆ, ಬಯೋಟೆಕ್ ಹುಡುಗಿಯರೂ ಸೇರಿ. ಇರಲಿ.

ಬೆಲೆ ಇಳಿಯುವುದು ಒಳ್ಳೆಯದು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಮಧುಮೇಹದ ಜೊತೆ ಹೃದಯ ಅಥವಾ ಕಿಡ್ನಿ ತೊಂದರೆ, ಬೊಜ್ಜು ಇರುವವರಿಗಾಗಿ ಈ ಮದ್ದುಗಳನ್ನು ಅಗತ್ಯ ಔಷಧಗಳ ಪಟ್ಟಿಗೇ ಸೇರಿಸಿತು. ಶ್ರೀಮಂತರ ಸೂಜಿ ಅಂತ ಮೂಗು ಮುರಿಯುವ ಮದ್ದಲ್ಲ ಇದು. ನನ್ನ ಭಯ ಬೇರೆ. ದುಬಾರಿ ಇರುವಷ್ಟು ದಿನ ಬೆಲೆಯೇ ಕಾವಲುಗಾರನಂತೆ ನಿಂತಿತ್ತು. ₹14,000 ಕೊಡುವವರು ಹೇಗೂ ಡಾಕ್ಟರ ಬಳಿ ಹೋಗಿಯೇ ಕೊಡುತ್ತಿದ್ದರು. ಆ ಕಾವಲು ಹೋದ ಮೇಲೆ ಬಾಗಿಲಲ್ಲಿ ಯಾರಿರುತ್ತಾರೆ? ಜ್ವರ ಬಂದರೆ ‘ಒಂದ್ ಸ್ಟ್ರಾಂಗ್ ಮಾತ್ರೆ ಕೊಡಿ’ ಅಂತ ಆ್ಯಂಟಿಬಯೋಟಿಕ್ ತರುವ ಅಭ್ಯಾಸ ನಮ್ಮದು.

ನನ್ನ ರೂಮ್‌ಮೇಟ್ ಕತೆ ಹೇಳುತ್ತೇನೆ. ಅವಳ ತೂಕ 64 ಕೆ.ಜಿ. ಕಾಯಿಲೆ ಏನೂ ಇಲ್ಲ. ಊರಲ್ಲಿ ಗಂಡಿನ ಮಾತುಕತೆ ಶುರುವಾಗಿದೆ, ‘ವಸಿ ತೆಳ್ಳಗಾಗು’ ಅಂತ ಮನೆಯಿಂದ ದಿನಾ ಫೋನು. ಅವಳು ಮೆಡಿಕಲ್ ಸ್ಟೋರೊಂದಕ್ಕೆ ಹೋಗಿ ವಿಚಾರಿಸಿದರೆ, ‘ತಗೊಂಡ್ಹೋಗಿ ಮೇಡಂ, ಚೀಟಿ ಆಮೇಲೆ ವಾಟ್ಸ್‌ಆ್ಯಪ್ ಮಾಡಿ’ ಅಂದರಂತೆ. ಅವಳು ತರದೇ ಬಂದದ್ದಕ್ಕೆ ಕಾರಣ ಕಾನೂನಲ್ಲ, ಆರೋಗ್ಯವೂ ಅಲ್ಲ. ಹಾಸ್ಟೆಲಿನಲ್ಲಿ ಫ್ರಿಜ್ ಇಲ್ಲ!

ಆ ರಾತ್ರಿ ನಾನು ಓದಿದ್ದನ್ನೆಲ್ಲ ಅವಳ ಮುಂದೆ ಸುರಿದೆ. ಅದನ್ನು ಇಲ್ಲೂ ಬರೆಯುತ್ತೇನೆ, ಏಕೆಂದರೆ ನಮ್ಮ ವಯಸ್ಸಿನವರಿಗೆ ಬೇಕಾದದ್ದು. ಸೆಮಾಗ್ಲುಟೈಡನ್ನು ಗರ್ಭಿಣಿಯರಿಗೆ ಕೊಡುವುದಿಲ್ಲ. ಮಗು ಬೇಕು ಅಂದುಕೊಂಡರೆ ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು ಅನ್ನುತ್ತದೆ ಅದರ ಕರಪತ್ರ. ಮದುವೆಗಾಗಿ ತೆಳ್ಳಗಾಗಲು ಹೊರಟವಳಿಗೆ ಇದನ್ನು ಮೊದಲು ಹೇಳಬೇಕಾದವರು ಯಾರು? ಅಂಗಡಿಯವನಂತೂ ಹೇಳುವುದಿಲ್ಲ. ಎರಡನೆಯದು, ಅರ್ಧಾಯುಷ್ಯ ಒಂದು ವಾರ ಅಂದರೆ ಮೈಯಲ್ಲಿ ಮಟ್ಟ ಸ್ಥಿರವಾಗಲು ನಾಲ್ಕೈದು ವಾರ ಬೇಕು, ಪೂರ್ತಿ ಹೊರಹೋಗಲೂ ಹೆಚ್ಚುಕಡಿಮೆ ಅಷ್ಟೇ ವಾರ. ಕೆಪಾಸಿಟರ್ ಚಾರ್ಜ್–ಡಿಸ್ಚಾರ್ಜ್ ಗ್ರಾಫ್ ಬರೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಮಾತ್ರೆ ನುಂಗಿ ವಾಂತಿಯಾದರೆ ನಾಳೆ ಬಿಡಬಹುದು. ಇದನ್ನು ಚುಚ್ಚಿಕೊಂಡ ಮೇಲೆ ವಾಪಸ್ ತೆಗೆಯಲಾಗದು. ಅದಕ್ಕೇ ಅತಿ ಕಡಿಮೆ ಪ್ರಮಾಣದಿಂದ ಶುರು ಮಾಡಿ, ನಾಲ್ಕು ವಾರಕ್ಕೊಮ್ಮೆ ಮೆಟ್ಟಿಲು ಹತ್ತಿದಂತೆ ಏರಿಸುವುದು. ಬೇಗ ಇಳಿಯಲಿ ಅಂತ ಮೆಟ್ಟಿಲು ಹಾರಿದವರಿಗೆ ವಾಕರಿಕೆ, ವಾಂತಿ, ಭೇದಿ ಅಥವಾ ಮಲಬದ್ಧತೆ ಜೋರಾಗುತ್ತದೆ. ಪಿತ್ತಕೋಶದ ಕಲ್ಲು ಆಗುವುದುಂಟು. ಮೇದೋಜೀರಕ ಗ್ರಂಥಿಯ ಉರಿಯೂತ ಅಪರೂಪ, ಆದರೆ ಬಂದರೆ ಆಸ್ಪತ್ರೆಯೇ ಗತಿ: ಬೆನ್ನಿಗೆ ಹರಿಯುವ ಬಿಡದ ಹೊಟ್ಟೆನೋವು ಅದರ ಲಕ್ಷಣ. ಮನೆತನದಲ್ಲಿ ಮೆಡ್ಯುಲರಿ ಎಂಬ ಒಂದು ವಿಧದ ಥೈರಾಯ್ಡ್ ಕ್ಯಾನ್ಸರ್ ಇದ್ದವರು ಮುಟ್ಟುವಂತಿಲ್ಲ.

ಇನ್ನೊಂದು ನಮ್ಮ ದೇಶಕ್ಕೇ ವಿಶೇಷವಾದ ಎಡವಟ್ಟು. ಪೆನ್ನಲ್ಲದೆ ಬಾಟಲಿಯಲ್ಲೂ ಈ ಮದ್ದು ಸಿಗುತ್ತದೆ, ಸಿರಿಂಜಿನಲ್ಲಿ ಎಳೆದುಕೊಳ್ಳಬೇಕು. ನಮ್ಮಲ್ಲಿ ಇನ್ಸುಲಿನ್ ಸಿರಿಂಜು ಎರಡು ಬಗೆ, ಯು–40 ಮತ್ತು ಯು–100. ಅರ್ಧ ಮಿ.ಲೀ. ಮದ್ದು ಒಂದರಲ್ಲಿ 20ರ ಗೆರೆಗೆ ಬಂದರೆ ಇನ್ನೊಂದರಲ್ಲಿ 50ರ ಗೆರೆಗೆ ಬರುತ್ತದೆ. ಮನೆಯಲ್ಲಿ ಅಜ್ಜಿಯ ಹಳೇ ಸಿರಿಂಜು ಇದೆ, ಗೆಳತಿ ‘ಇಷ್ಟು ಗೆರೆ’ ಅಂದಳು ಅಂತ ಎಳೆದರೆ ಎರಡೂವರೆ ಪಟ್ಟು ಹೆಚ್ಚುಕಡಿಮೆ. ಲ್ಯಾಬಿನಲ್ಲಿ ಯೂನಿಟ್ ಬರೆಯದಿದ್ದರೆ ಅಂಕ ಕಡಿಯುವ ಮೇಷ್ಟ್ರ ಮೇಲಿನ ಸಿಟ್ಟು ನನಗೆ ಅಂದೇ ಹೋಯಿತು.

ರೂಮ್‌ಮೇಟ್ ಎಲ್ಲ ಕೇಳಿ, ‘ನೀನೇನು ಡಾಕ್ಟ್ರಾ?’ ಅಂದಳು. ಅಲ್ಲ. ಅದನ್ನೇ ನಾನೂ ಹೇಳುತ್ತಿದ್ದುದು.

ಕಾನೂನು ಇಲ್ಲದಿಲ್ಲ. ಇವು ಚೀಟಿ ಇಲ್ಲದೆ ಮಾರಬಾರದ ಔಷಧಗಳು. ಮಧುಮೇಹ, ಬೊಜ್ಜು ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ, ಎರಡೂ ಕಾಯಿಲೆಯ ಹೆಸರು ಅದರ ಪಟ್ಟಿಯಲ್ಲಿವೆ. ಆದರೂ ಬಸ್ ಸ್ಟ್ಯಾಂಡಿನ ಗೋಡೆಯಿಂದ ಮೊಬೈಲಿನ ರೀಲ್ಸ್‌ವರೆಗೆ ಇಂಥವು ಕಣ್ಣಿಗೆ ಬೀಳದ ದಿನವಿಲ್ಲ. ನಕಲಿ ಮಾಲಿನ ಕಾಟ ಬೇರೆ. ಬ್ರೆಜಿಲ್, ಬ್ರಿಟನ್, ಅಮೆರಿಕದಲ್ಲಿ ಖೋಟಾ ಒಝೆಂಪಿಕ್ ಸಿಕ್ಕಿದ್ದಕ್ಕೆ 2024ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಕೊಟ್ಟಿತ್ತು. ಬಿಲ್ಲು, ಬ್ಯಾಚ್ ನಂಬರ್ ಇಲ್ಲದ ಕಡೆ ಅಗ್ಗ ಅಂತ ಕೊಳ್ಳುವುದು ಬೇಡ.

ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ: ಎಷ್ಟು ದಿನ ಚುಚ್ಚಿಕೊಳ್ಳಬೇಕು? 2021ರಲ್ಲಿ ಪ್ರಕಟವಾದ ಸ್ಟೆಪ್–1 ಎಂಬ ಪ್ರಯೋಗದಲ್ಲಿ ಸೆಮಾಗ್ಲುಟೈಡ್ ಪಡೆದವರ ತೂಕ 68 ವಾರಗಳಲ್ಲಿ ಸರಾಸರಿ ಶೇ 14.9ರಷ್ಟು ಇಳಿಯಿತು. ಬರೀ ನೀರಿನಂಥ ಹುಸಿ ಮದ್ದು ಪಡೆದವರದು ಶೇ 2.4. ಇಬ್ಬರಿಗೂ ಊಟ, ವ್ಯಾಯಾಮದ ಸಲಹೆ ಇತ್ತು. ಮದ್ದು ನಿಲ್ಲಿಸಿ ಒಂದು ವರ್ಷ ಕಳೆದ ಮೇಲೆ ಅವರಲ್ಲಿ ಕೆಲವರನ್ನು ಮತ್ತೆ ತೂಗಿದಾಗ, ಇಳಿದ ತೂಕದ ಮೂರನೇ ಎರಡು ಭಾಗ ವಾಪಸ್ ಬಂದಿತ್ತು. ಇದನ್ನು ಮದ್ದಿನ ಸೋಲು ಅನ್ನುವವರಿದ್ದಾರೆ. ಬಿ.ಪಿ. ಮಾತ್ರೆ ಬಿಟ್ಟರೆ ಬಿ.ಪಿ. ಏರುತ್ತದೆ, ಅದನ್ನು ಯಾರೂ ಮಾತ್ರೆಯ ಸೋಲು ಅನ್ನುವುದಿಲ್ಲ. ಸುದ್ದಿ ಹೋಗುವಷ್ಟು ದಿನ ಮಿದುಳು ‘ಸಾಕು’ ಅನ್ನುತ್ತದೆ, ನಿಂತರೆ ಹಸಿವು ತನ್ನ ಜಾಗಕ್ಕೆ ಮರಳುತ್ತದೆ, ಅಷ್ಟೇ. ‘ಬಾಯಿ ಕಟ್ಟಕ್ಕಾಗ್ದೋರು ಸೂಜಿ ಚುಚ್ಚಿಸ್ಕೊತಾರೆ’ ಅಂತ ಹಬ್ಬದ ದಿನ ನಮ್ಮ ಜಗಲಿಯಲ್ಲೇ ಯಾರೋ ಆಡಿದರು. ಅಣ್ಣ ಹೇಳಿದ್ದು ಬೇರೆ: ಮೊದಲು ಮೀಟಿಂಗಿನಲ್ಲಿ ಕೂತಿದ್ದರೂ ತಲೆಯಲ್ಲಿ ತಿಂಡಿಯ ಯೋಚನೆ ಓಡುತ್ತಲೇ ಇರುತ್ತಿತ್ತು, ಈಗ ಆ ಗಲಾಟೆ ನಿಂತಿದೆ. ಅವನ ಆ ಗಲಾಟೆ ಬಾಯಿಚಪಲ ಅಂತ ನಾವೆಲ್ಲ ಚಿಕ್ಕಂದಿನಿಂದ ಆಡಿಕೊಂಡಿದ್ದೆವು. ನಾನೂ.

ಆದರೆ ‘ವರ್ಷಗಟ್ಟಲೆ’ ಅನ್ನುವ ಉತ್ತರ ಹೊಸಹೊಳಲಿನಲ್ಲಿ ಬೇರೆ ಅರ್ಥ ಕೊಡುತ್ತದೆ. ಕಬ್ಬಿನ ದುಡ್ಡು ಬಂದಾಗ ಮೂರು ತಿಂಗಳು ತಗೊಂಡು, ದುಡ್ಡು ಮುಗಿದಾಗ ಬಿಟ್ಟು, ಮುಂದಿನ ಕಟಾವಿಗೆ ಮತ್ತೆ ಮೊದಲಿನ ಮೆಟ್ಟಿಲಿಂದ ಶುರು ಮಾಡುವುದು, ಇದು ಮದ್ದಿಗೂ ಆಗದು, ಮೈಗೂ ಆಗದು. ಹೋದ ಮಾಂಸಖಂಡ ತೂಕ ಮರಳಿದಾಗ ಅಷ್ಟೇ ಮರಳುತ್ತದೆ ಅನ್ನುವ ಭರವಸೆ ಇಲ್ಲ. ಹಾಗಾಗಿ ಡಾಕ್ಟರಮ್ಮನಿಗೆ ಕೇಳಬೇಕಾದ ಪ್ರಶ್ನೆಗಳ ಜೊತೆ ಅಪ್ಪನಿಗೆ ಕೇಳಬೇಕಾದ್ದೂ ಒಂದಿದೆ: ಅಗ್ಗವಾದ ಮೇಲೂ ಎರಡು ವರ್ಷ ಬಿಡದೆ ತರಲು ಆಗುತ್ತದಾ?

ಅವ್ವನ ರಿಪೋರ್ಟ್ ಬಂತು. ಎಚ್‌ಬಿಎ1ಸಿ 6.9. ಕಾಯಿಲೆಯ ಗೆರೆ 6.5. ಹೊಸ್ತಿಲು ದಾಟಿ ಎಷ್ಟು ದಿನವಾಗಿತ್ತೋ. ಡಾಕ್ಟರಮ್ಮ ಸೂಜಿ ಬರೆಯಲಿಲ್ಲ. ಮೆಟ್‌ಫಾರ್ಮಿನ್ ಬರೆದು, ಮುದ್ದೆ ಸಣ್ಣದು ಮಾಡಿ ಪಕ್ಕದಲ್ಲಿ ಹುರುಳಿಯೋ ಅವರೆಯೋ ಮೊಟ್ಟೆಯೋ ಹೆಚ್ಚು ಮಾಡಿ ಅಂದು, ಕಿಡ್ನಿ ಮತ್ತು ಕಣ್ಣಿನ ಪರೀಕ್ಷೆ ಅವಳಿಗೂ ಬರೆದರು. ಮೂರು ತಿಂಗಳು ನೋಡೋಣ, ಅಷ್ಟರಲ್ಲಿ ಬೆಲೆಯೂ ಗೊತ್ತಾಗುತ್ತದೆ, ಆಮೇಲೆ ಕೂತು ಮಾತಾಡೋಣ ಅಂದರು.

ಅವ್ವ ಈಗ ದಿನಾ ಸಂಜೆ ಲಕ್ಷ್ಮೀನಾರಾಯಣಸ್ವಾಮಿ ಗುಡಿಯವರೆಗೆ ನಡೆದು ಬರುತ್ತಾಳೆ. ಮಂಡಿ ನೋವಿಗೆ ಅಲ್ಲಿ ಸ್ವಲ್ಪ ಹೊತ್ತು ಕೂರುತ್ತಾಳಂತೆ. ನಿನ್ನೆ ಫೋನಿನಲ್ಲಿ, ‘ನಿಮ್ಮಪ್ಪಂಗೆ ಕೇಳಕ್ ಹೋಗಿ ನಂಗ್ ತಗಲಾಕ್ಕಂತಲ್ಲ ಮಗಾ’ ಅಂತ ನಕ್ಕಳು. ಮತ್ತೆ ತೋರಿಸಬೇಕಾದದ್ದು ಮೇ ಮೊದಲ ವಾರ. ನನಗೆ ಆಗ ಇಂಟರ್ನಲ್ಸ್. ಅಣ್ಣ ಬೆಂಗಳೂರಿನಿಂದ ಬಂದು ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ ಅಂದಿದ್ದಾನೆ.